ಮಾದಯ್ಯನ ರಜೆ ಅರ್ಜಿ

"ಕೊಲೆ ಮಾಡಿ ಜೀವಾವಧಿ ಬಿದ್ದೋನಿಗೆ ಪೆರೋಲ್ ಯಾಕಯ್ಯಾ ಕೊಡ್ಬೇಕು?" ಎಂದು ವಾರ್ಡರ್ ಮಾದಯ್ಯ ಕಂಬಿಯಾಚೆಯ ಜವರಪ್ಪನ ಮೇಲೆ ರೇಗಿದ. "ನೀನು ವರ್ಷಾವರ್ಷ ಊರಿಗೆ ಹೋಗಿ ಹಬ್ಬದೂಟ ಉಂಡು ಬರ್ತೀಯ. ಬರೋ ವಾರ ನನ್ನ ಮಗಳ ಮದುವೆ, ಬೆಳಿಗ್ಗೆ ಹತ್ತಕ್ಕೆ ಮುಹೂರ್ತ, ಧಾರೆ ಎರೆಯೋಕೆ ಅಪ್ಪನಿಗೇ ರಜೆ ಇಲ್ಲ!"

ಮೂರು ಸಲ ಕೇಳಿದ್ದ. ಸಿಬ್ಬಂದಿ ಕಮ್ಮಿ ಎಂದು ಸೂಪರಿಂಟೆಂಡೆಂಟರು ಮೂರು ಸಲವೂ ಅರ್ಜಿ ವಾಪಸ್ ಎಸೆದಿದ್ದರು.

"ಗುಟ್ಟೆಲ್ಲಾ ಬರೆಯೋದ್ರಲ್ಲಿದೆ ಸಾರ್," ಎಂದ ಜವರಪ್ಪ. "ನಾನು ಬರೆದದ್ದು ಒಂದೂ ವಾಪಸ್ ಬಂದಿಲ್ಲ. ಸಾಹೇಬ್ರು ಮೊದಲನೇ ಸಾಲು ನೋಡಿ ಸಹಿ ಹಾಕಿಬಿಡ್ತಾರೆ."

"ಹಂಗಾದ್ರೆ ನನಗೂ ಬರ್ಕೊಡು. ನಿಂದು ಹೆಂಗಿರುತ್ತೋ ಹಂಗೇ ಇರ್ಬೇಕು. ಹೆಸರು ಬಿಟ್ರೆ ಒಂದಕ್ಷರ ಬದಲಾಯಿಸಿದ್ರೆ ನೋಡು!"

ಜವರಪ್ಪ ತನ್ನ ಹಳೆಯ ಅರ್ಜಿಯನ್ನು ಮುಂದಿಟ್ಟುಕೊಂಡು ದುಂಡಗೆ ನಕಲು ಮಾಡಿಕೊಟ್ಟ.

ಮೂರನೇ ದಿನಕ್ಕೆ ಮಂಜೂರಾತಿ ಬಂತು. ಮಾದಯ್ಯ ಕುಣಿಯುತ್ತಾ ಬಂದು, ಜವರಪ್ಪನಿಗೂ ಕೇಳಲೆಂದು ಆದೇಶವನ್ನು ಗಟ್ಟಿಯಾಗಿ ಓದತೊಡಗಿದ:

"ಸನ್ನಡತೆಯನ್ನು ಪರಿಗಣಿಸಿ ಮಾದಯ್ಯ ಎಂಬಾತನನ್ನು ಹದಿನೈದು ದಿನ ಹೊರಗೆ ಬಿಡಲಾಗಿದೆ. ಈತ ದಿನವೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಪೊಲೀಸ್ ಠಾಣೆಗೆ ಹಾಜರಾಗಿ ಸಹಿ ಹಾಕತಕ್ಕದ್ದು."