ಎರಡರಷ್ಟು ಅಗಲ, ಅರ್ಧ ಎತ್ತರ

"ಮುಚ್ಚಳ ಬದಲಾಗಿದೆ, ಔಷಧಿ ಅದೇ," ಎಂದು ಆಸ್ಪತ್ರೆಯ ಕಾಂಪೌಂಡರ್ ಕಿಂಡಿಯಿಂದ ಸೀಸೆಯನ್ನು ಈಚೆಗೆ ತಳ್ಳಿದ. "ಮುಚ್ಚಳದಲ್ಲಿ ಕೆಂಪು ಗೀಟಿನವರೆಗೆ ಸುರಿದು ಕುಡಿಸಿ. ದಿನಕ್ಕೆ ಮೂರು ಸಲ. ಹ್ಞೂಂ, ಮುಂದಿನವರು ಬನ್ನಿ."

ಟೈಲರಮ್ಮ ಕದಲಲಿಲ್ಲ. ಹನ್ನೊಂದು ತಿಂಗಳ ಮಗಳು ಹೆಗಲ ಮೇಲೆ ಗೊರಗೊರ ಉಸಿರಾಡುತ್ತಿದ್ದಳು. ಹೋದ ವಾರ ಈ ಕೆಮ್ಮಿನ ಔಷಧಿ ಬರೆದುಕೊಟ್ಟಾಗ ಡಾಕ್ಟರು ಬೆರಳೆತ್ತಿ ಹೇಳಿದ್ದರು: "ಒಂದು ಮುಚ್ಚಳ, ಅಷ್ಟೇ. ಹೆಚ್ಚಾದ್ರೆ ಮಗು ಮಂಪರಿನಲ್ಲಿ ಉಸಿರಾಡೋದನ್ನೇ ಮರೆತುಬಿಡುತ್ತೆ." ಆ ಸೀಸೆ ಮುಗಿದಿತ್ತು, ಮುಚ್ಚಳ ಚೀಲದಲ್ಲಿತ್ತು. ಅದನ್ನು ತೆಗೆದು ಹೊಸದರ ಪಕ್ಕದಲ್ಲಿಟ್ಟಳು. ಹಳೆಯದು ಹೆಬ್ಬೆರಳು ಹೋಗುವಷ್ಟು. ಹೊಸದು ಪುಟ್ಟ ಬಟ್ಟಲಿನ ಹಾಗೆ ಅಗಲ.

"ಅಣ್ಣಾ, ಇದು ಜಾಸ್ತಿ ಹಿಡಿಯಲ್ವಾ?"

ಕಾಂಪೌಂಡರ್ ನಕ್ಕ. "ಬೆಳಿಗ್ಗೆ ಹೊಸ ಸೀಸೆ ಬಂದ ಕೂಡಲೇ ಸ್ಕೇಲ್ ಇಟ್ಟು ಅಳೆದಿದ್ದೀನಿ ತಾಯೀ. ಇದರ ಅಗಲ ಹಳೇದರ ಎರಡರಷ್ಟು. ಅದಕ್ಕೇ ಎಲ್ಲಾ ಮುಚ್ಚಳಕ್ಕೂ ಹಳೇದರ ಅರ್ಧ ಎತ್ತರಕ್ಕೆ ಗೀಟು ಎಳೆದೆ. ಎರಡರಷ್ಟು ಅಗಲ, ಅರ್ಧ ಎತ್ತರ. ಅಲ್ಲಿಗಲ್ಲಿಗೆ ಸರಿಹೋಯ್ತು."

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಈ ಕೊಡ ಬೆಳಿಗ್ಗೆಯಿಂದ ತುಳುಕುತ್ತಲೇ ಇತ್ತು.

ಟೈಲರಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ನಾನು ದುಂಡು ಮೇಜಿಗೆ ಬಟ್ಟೆ ಹೊಲೀತೀನಿ ಅಣ್ಣಾ. ಮೇಜಿನ ಅಗಲ ಎರಡರಷ್ಟಾದ್ರೆ ಬಟ್ಟೆ ನಾಲ್ಕರಷ್ಟು ಬೇಕು. ಉದ್ದಕ್ಕೂ ಹಿಗ್ಗುತ್ತೆ, ಅಡ್ಡಕ್ಕೂ ಹಿಗ್ಗುತ್ತೆ ನೋಡಿ. ಮುಚ್ಚಳದ ತಳವೂ ದುಂಡೇ ತಾನೇ? ನಾಲ್ಕರಲ್ಲಿ ಅರ್ಧ ಅಂದ್ರೆ ಎರಡು. ಮಗೂಗೆ ಎರಡು ಮುಚ್ಚಳ ಕುಡಿಸಿದ ಹಾಗೆ ಆಗಲ್ವಾ?"

"ಔಷಧಿಗೂ ಮೇಜಿನ ಬಟ್ಟೆಗೂ ಏನಮ್ಮಾ ಸಂಬಂಧ? ಇಪ್ಪತ್ತೆರಡು ವರ್ಷದಿಂದ ಈ ಕಿಂಡೀಲಿ ಕೂತಿದ್ದೀನಿ. ನೀವು ಮನೇಲಿ ಸೂಜಿಗೆ ದಾರ ಪೋಣಿಸ್ಕೊಂಡಿರಿ."

ಸಾಲು ಕಿಸಕ್ಕೆಂದಿತು. ಹಿಂದೆಯೇ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದ ಮುದುಕ, "ಬೇಗ ಮುಗಿಸವ್ವಾ, ನನ್ನ ಸೊಂಟ ಬಿದ್ದುಹೋಗ್ತಿದೆ," ಎಂದು ಗೊಣಗಿದ. ಇಪ್ಪತ್ತೆರಡು ವರ್ಷ ಕೂತರೆ ಕುರ್ಚಿ ಸವೆಯುವುದು ಖಂಡಿತ, ಬುದ್ಧಿ ಬೆಳೆಯುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಟೈಲರಮ್ಮ ಅದನ್ನೆಲ್ಲ ಬಾಯಿಬಿಟ್ಟು ಹೇಳುವವಳಲ್ಲ. ಕಿಂಡಿಯ ಕಟ್ಟೆಯ ಮೇಲಿದ್ದ ಕುಡಿಯುವ ನೀರಿನ ಜಗ್ಗನ್ನು ಎಳೆದುಕೊಂಡಳು. ಹೊಸ ಮುಚ್ಚಳಕ್ಕೆ ಕೆಂಪು ಗೀಟಿನವರೆಗೆ ನೀರು ಸುರಿದು, ಅದನ್ನು ಮೆಲ್ಲಗೆ ಹಳೆಯದಕ್ಕೆ ಬಗ್ಗಿಸಿದಳು.

ಹಳೆಯದು ತುಂಬಿತು. ನೆಲಕ್ಕೆ ಚೆಲ್ಲಿ ಮತ್ತೆ ಬಗ್ಗಿಸಿದಳು. ಮತ್ತೆ ಅಂಚಿನವರೆಗೆ ತುಂಬಿತು. ಹೊಸದರ ತಳ ಆಗ ಕಂಡಿತು.

ಮುದುಕ ಸೊಂಟದ ನೋವು ಮರೆತು ಕತ್ತು ಚಾಚಿದ. "ಅಯ್ಯಯ್ಯೋ, ಸರಿಯಾಗಿ ಎರಡು!"

ಕಾಂಪೌಂಡರ್ ಮುಚ್ಚಳಗಳನ್ನು ನೋಡಿದ, ಸಾಲನ್ನು ನೋಡಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ? ಗಂಟಲು ಸರಿಮಾಡಿಕೊಂಡು ಹೇಳಿದ:

"ಅದು ನೀರಮ್ಮಾ, ತೆಳುವಾಗಿರುತ್ತೆ. ಔಷಧಿ ಮಂದ. ಔಷಧಿ ಹಾಕಿದ್ರೆ ಹೀಗಾಗಲ್ಲ."

"ಎಷ್ಟು ಮಂದ ಇದೆಯಪ್ಪಾ ನಿನ್ನ ಔಷಧಿ?" ಎಂದ ಮುದುಕ. "ನಿನ್ನ ತಲೆಯಷ್ಟಾ?"

ಈ ಸಲ ಸಾಲು ನಕ್ಕಿದ್ದು ಬೇರೆ ಥರ. ಕಾಂಪೌಂಡರನ ಕಿವಿ ಕೆಂಪಾಯಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ಗೀಟನ್ನು ತಿಕ್ಕಿ ಅಳಿಸಿ, ಅದರ ಅರ್ಧಕ್ಕೆ ಹೊಸದೊಂದು ಎಳೆದು ಮುಚ್ಚಳವನ್ನು ಅವಳ ಮುಂದೆ ಕುಕ್ಕಿದ.

"ತಗೊಳ್ಳಿ, ಸರಿಮಾಡಿದೆ. ಸಮಾಧಾನ ಆಯ್ತಾ ಈಗ?"

ಟೈಲರಮ್ಮ ಮುಚ್ಚಳವನ್ನು ಸೆರಗಿನಿಂದ ಒರೆಸಿ ಸೀಸೆಗೆ ಹಾಕಿದಳು. ಮಗಳ ಬೆನ್ನು ಸವರುತ್ತಾ ಕೇಳಿದಳು:

"ನಂದು ಸರಿಹೋಯ್ತಣ್ಣಾ. ಬೆಳಿಗ್ಗೆಯಿಂದ ತಗೊಂಡು ಹೋದವರದು?"

ಕಾಂಪೌಂಡರ್ ತಿರುಗಿ ನೋಡಿದ. ಅವನ ಬೆನ್ನ ಹಿಂದೆ, ಗೋಡೆಯ ಬದಿಯಲ್ಲಿ, ಬೆಳಿಗ್ಗೆ ತುಂಬಿಕೊಂಡು ಬಂದಿದ್ದ ನಲವತ್ತೆಂಟು ಗೂಡುಗಳ ಪೆಟ್ಟಿಗೆ. ಅದರಲ್ಲಿ ಉಳಿದಿದ್ದದ್ದು ಮೂರೇ ಸೀಸೆ.