ಹಳೇ ಫೋನಿನ ಫೋಟೋಗಳು

ಹಳೇ ಫೋನು ಹಾಕಲು ಡಬ್ಬಿಯ ಬಾಯಿವರೆಗೆ ಹೋದ ವಿದ್ಯಾರ್ಥಿನಿ ಮುಸ್ಕಾನಳ ಕೈ ಹಿಂದೆ ಸರಿಯಿತು. ಹಾಳಾದ ಫೋನು, ಚಾರ್ಜರು ಸಂಗ್ರಹಿಸಲು ಕೊಪ್ಪಳದ ಕಾಲೇಜೊಂದಕ್ಕೆ ಬಂದು ಬೆಳಿಗ್ಗೆಯಿಂದ ಕುಳಿತಿದ್ದ ಲಲಿತಾಳ ಮುಂದೆ ಬಂದದ್ದು ಇದೊಂದೇ ಫೋನು. ಅದೂ ವಾಪಸ್ ಹೊರಟಿತ್ತು.

"ಸ್ಕ್ರೀನ್ ಹೋಗೇತ್ರಿ ಅಕ್ಕಾರ, ಅಳಿಸಾಕ ಬರವಲ್ದು," ಎಂದಳು ಮುಸ್ಕಾನ. "ಒಳಗ ಫೋಟೋ ಅದಾವ. ಯಾರರ ತೆಗದು ನೋಡಿ ಹಬ್ಬಿಸಿದ್ರ ಮನ್ಯಾಗ ನನ್ನ ಕಾಲೇಜು ಬಿಡಸ್ತಾರ."

"ಅಂಥಾವು ಏನ್ ಫೋಟೋನವಾ? ನಮಗೂ ತೋರ್ಸು," ಎಂದು ಹಿಂದೆ ನಿಂತಿದ್ದ ಗೆಳತಿ ಅಂಜಲಿ ಕಿಚಾಯಿಸಿದಳು.

ಲಲಿತಾ ನಗಲಿಲ್ಲ. ಕಸಕ್ಕೆ ಎಸೆದ ಫೋನಿನಿಂದ ಮಣ್ಣು, ನೀರು ವಿಷವಾಗುತ್ತದೆ ಎಂದು ಬೆಳಿಗ್ಗೆಯಿಂದ ಹೇಳುತ್ತಿದ್ದ ಮಾತನ್ನೂ ಮತ್ತೆ ತೆಗೆಯಲಿಲ್ಲ. ಮುಸ್ಕಾನಳಿಂದ ಫೋನು ಇಸಿದುಕೊಂಡು ಅದರ ಬೆನ್ನು ಬಿಚ್ಚಿ, ಮೊದಲು ಬ್ಯಾಟರಿಯನ್ನು ಬೇರೆ ತೆಗೆದಿಟ್ಟಳು. ಒಳಗಿನ ಕಪ್ಪು ಚಿಪ್ ತೋರಿಸಿ, "ನಿನ್ನ ಫೋಟೋ ಎಲ್ಲಾ ಇದರಾಗ ಅದಾವ," ಎಂದು ಸಣ್ಣ ಡ್ರಿಲ್ಲನ್ನು ಅವಳ ಕೈಗೇ ಕೊಟ್ಟಳು. "ನಾ ಮಾಡಿದ್ರ ನಿನಗ ಖಾತ್ರಿ ಆಗಂಗಿಲ್ಲ. ನೀನ ತೂತು ಹಾಕು."

ಡ್ರಿಲ್ ಗುಂಯ್ ಎಂದು ಚಿಪ್ಪನ್ನೂ ಫೋನನ್ನೂ ತೂರಿ ನಿಂತಿತು. ಮುಸ್ಕಾನ ಆ ತೂತನ್ನು ಕಿಟಕಿಯತ್ತ ಹಿಡಿದು, ಅದರೊಳಗಿಂದ ಬೆಳಕು ಕಂಡ ಮೇಲೆ ಫೋನನ್ನು ಡಬ್ಬಿಗೆ ಹಾಕಿದಳು.

ಅಂಜಲಿ ಈಗ ನಗುತ್ತಿರಲಿಲ್ಲ. "ಅಕ್ಕಾರ, ಮನ್ಯಾಗ ನಂದೂ ಒಂದು ಐತ್ರಿ," ಎಂದಳು ತಗ್ಗಿದ ದನಿಯಲ್ಲಿ. "ನಾಳೆನೂ ಡ್ರಿಲ್ ತರ್ತೀರೇನ್ರಿ?"