ಗೋಮುಖದ ತಿರುವು

ವಿಶಾಲನ ಕಾರು ಮತ್ತೊಮ್ಮೆ ಉಣಕಲ್ ಕೆರೆಗೆ ಬಿತ್ತು. ಟಿವಿಯ ಪರದೆ ತುಂಬ ನೀರು ಚಿಮ್ಮಿತು. ಗೀತಾಂಜಲಿ ಚುರಮುರಿ ಮುಕ್ಕುತ್ತ ಅಯ್ಯೋ ಎಂದಳು. ಅದರಲ್ಲಿ ಮರುಕಕ್ಕಿಂತ ಮಜಾ ಹೆಚ್ಚಿತ್ತು.

“ಅಕ್ಕಾ, ಖರೇ ಹೇಳು. ಇಲ್ಲೆ ಏನರ ಮೋಸ ಮಾಡೀಯೇನು?”

“ನಿನಗ ಹೊಡ್ಯಾಕ ಬರೂದಿಲ್ಲ, ರಸ್ತಾಕ ಯಾಕ ಬೈತಿ?”

ಮಾಡಿದ್ದಳು. ಆ ವಿಡಿಯೊ ಆಟದೊಳಗೆ ತಮ್ಮದೇ ಟ್ರ್ಯಾಕ್ ಕಟ್ಟಿಕೊಳ್ಳಬಹುದಿತ್ತು. ಎಮ್ಮೆಸ್ಸಿ ಫಿಸಿಕ್ಸ್ ಓದುವ ಗೀತಾಂಜಲಿ ವಾರವಿಡೀ ಕೂತು ಊರ ಈಶ್ವರ ಗುಡಿಯನ್ನೂ ಅದರ ಮಗ್ಗುಲಿಗೆ ಕೆರೆಯನ್ನೂ ಎಬ್ಬಿಸಿ, ಗುಡಿಯ ಸುತ್ತ ರಸ್ತೆ ಹಾಸಿದ್ದಳು. ಅಭಿಷೇಕದ ನೀರು ಹೊರಬೀಳುವ ಗೋಮುಖವನ್ನೂ ಬಿಟ್ಟಿರಲಿಲ್ಲ. ಅದನ್ನು ದಾಟಿದ ಮೇಲಿನ ತಿರುವಿನಲ್ಲಿ ಮಾತ್ರ, ರಸ್ತೆಯನ್ನು ಒಳಕ್ಕೆ ವಾಲಿಸುವ ಬದಲು ಕಣ್ಣಿಗೆ ಕಾಣದ ಹಾಗೆ ಕೆರೆಯ ಕಡೆಗೆ ವಾಲಿಸಿದ್ದಳು. ಬ್ರೇಕ್ ಹಿಡಿದರೆ ಜಾರಬೇಕು, ಹಿಡಿಯದಿದ್ದರೆ ಹಾರಬೇಕು. ಗುಡಿಯ ಗೋಡೆಗೆ ಕಾರಿನ ಮೈ ಉಜ್ಜಿಕೊಂಡು ಹೋದವರಷ್ಟೇ ಪಾರು. ಆ ಗುಟ್ಟು ಅವಳೊಬ್ಬಳಿಗೇ ಗೊತ್ತು. ಪಂದ್ಯ ಮನೆಯ ಸ್ಕೂಟರಿನದು. ಊಟದ ಹೊತ್ತಿನೊಳಗೆ ವಿಶಾಲ ಒಮ್ಮೆಯಾದರೂ ಸುತ್ತು ಮುಗಿಸಿದರೆ ಸೆಮಿಸ್ಟರ್ ಪೂರ್ತಿ ಸ್ಕೂಟರ್ ಅವನದು, ಇಲ್ಲದಿದ್ದರೆ ಅವಳದು. ಸೋತವರಿಗೆ ಕಾಲೇಜಿಗೆ ಹೋಗಲು ಧಾರವಾಡದ ಬಸ್ಸು, ಅದೂ ನಿಂತುಕೊಂಡು.

ಮತ್ತೆರಡು ಸಲ ಮುಳುಗಿದ ವಿಶಾಲ, ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ರುಕ್ಮವ್ವನ ಉಡಿಗೆ ಕಂಟ್ರೋಲರ್ ಹಾಕಿದ. “ಆಯಿ, ನೀನರ ಹೊಡಿ.”

“ಹೊಡೀಲಿ, ಹೊಡೀಲಿ!” ಗೀತಾಂಜಲಿ ನಕ್ಕಳು. “ಆಯಿ ಗೆದ್ದರೂ ಸ್ಕೂಟರ್ ನಿಂದೇ.”

ರುಕ್ಮವ್ವ ಪರದೆಯನ್ನು ದಿಟ್ಟಿಸಿದಳು. “ಇದು ನಮ್ಮ ಈಶ್ವರ ಗುಡಿ ಅಲ್ಲೇನ?” ವಿಶಾಲ ತೋರಿಸಿದ ಗುಂಡಿ ಒತ್ತಿ, ಗುಡಿಯನ್ನು ಬಲಕ್ಕಿಟ್ಟುಕೊಂಡು ಚಕ್ಕಡಿಯ ಗತಿಯಲ್ಲಿ ಹೊರಟಳು. ಗೋಮುಖದ ಹತ್ತಿರ ಕಾರು ನಿಂತೇಬಿಟ್ಟಿತು.

“ಆಯಿ, ಮುಂದ ಹೋಗ!”

“ಹುಚ್ಚು ಹಿಡದೈತೇನು? ಈಶ್ವರ ಗುಡ್ಯಾಗ ಪ್ರದಕ್ಷಿಣಿ ಹಾಕೂವಾಗ ಗೋಮುಖ ದಾಟ್ತಾರೇನು ಯಾರರ?”

ಕಾರು ಗೋಡೆಗೆ ಹಾಯ್ದು, ಹಿಂದೆ ಸರಿದು, ಹೇಗೋ ತಿರುಗಿ ಬಂದ ದಾರಿಯಲ್ಲೇ ಹೊರಟಿತು. ಹೊಟ್ಟೆ ಹಿಡಿದು ನಗುತ್ತಿದ್ದ ಗೀತಾಂಜಲಿಗೆ ನಗು ಅರ್ಧಕ್ಕೇ ನಿಂತಿತು. ಕೊನೆಯ ಚೆಕ್‌ಪಾಯಿಂಟನ್ನು ಅವಳು ಗೋಮುಖದ ಈಚೆಗೇ ಇಟ್ಟಿದ್ದಳು. ಅದನ್ನು ಮುಟ್ಟಿದ ಕಾರು ಹೊರಟ ಗೆರೆಯನ್ನು ಮತ್ತೆ ದಾಟಿದರೆ ಆಟಕ್ಕೆ ಸಾಕು. ಯಾವ ಕಡೆಯಿಂದ ಬಂದೆ ಎಂದು ಅದು ಕೇಳುವುದಿಲ್ಲ.

ಪರದೆಯ ಮೇಲೆ ಪಟಾಕಿ ಸಿಡಿದವು. ವಿಶಾಲ ಮಂಚದ ಮೇಲೆ ಕುಣಿದ.

“ಇದು ನಡ್ಯಾಂಗಿಲ್ಲ!” ಗೀತಾಂಜಲಿ ಎದ್ದು ನಿಂತಳು. “ಅರ್ಧಕ್ಕ ತಿರುಗಿ ಬಂದರ ಅದೆಂಥಾ ರೇಸು?”

ರುಕ್ಮವ್ವ ಮತ್ತೆ ಹತ್ತಿ ಕೈಗೆತ್ತಿಕೊಂಡಳು. “ದಾಟಿದವ ಎಲ್ಲಿ ಬಿದ್ದ, ನೋಡಿದಿಲ್ಲ? ಒಮ್ಮಿನೂ ಬಿಡಲಿಲ್ಲ ಶಿವ.”

ಅದು ಶಿವನಲ್ಲ, ನಾನು, ಎನ್ನಲು ಗೀತಾಂಜಲಿ ಬಾಯಿ ತೆರೆದಳು. ವಿಶಾಲ ಕುಣಿತ ನಿಲ್ಲಿಸಿ, ಕಿವಿ ನಿಮಿರಿಸಿ, ಅವಳ ಬಾಯನ್ನೇ ನೋಡುತ್ತಿದ್ದ.

ಅವಳು ಬಾಯಿ ಮುಚ್ಚಿ, ಟಿವಿಗೆ ಎರಡೂ ಕೈ ಜೋಡಿಸಿದಳು.